ಬಾವಲಿ ಕರುಳು, ಕುರಿ ಕರುಳು
ನಮ್ ಸಣ್ಣ ಕರುಳಲ್ಲಿ ಗ್ಲೂಕೋಸ್ ಹೀರ್ಕೊಳ್ಳೋಕೆ ಎಸ್‌ಜಿಎಲ್‌ಟಿ1 ಅನ್ನೋ ಪ್ರೋಟೀನ್ ಇದೆ, ಎರಡು ಸೋಡಿಯಂ (ಉಪ್ಪಲ್ಲಿರೋ ಅಂಶ) ಜೊತೆ ಒಂದು ಗ್ಲೂಕೋಸ್ ಒಳಗೆ ಎಳ್ಕೊಳ್ಳುತ್ತೆ, ಭೇದಿ ಆದಾಗ ಕುಡಿಯೋ ಓಆರ್‌ಎಸ್‌ನಲ್ಲಿ ಉಪ್ಪು ಸಕ್ಕರೆ ಎರಡೂ ಇರೋದು ಇದಕ್ಕೇ.

ಹಣ್ಣು ತಿನ್ನೋ ಬಾವಲಿ ಕಥೆನೇ ಬೇರೆ. ಹಾರೋಕೆ ಮೈ ಹಗುರ ಇರ್ಬೇಕು, ಕರುಳು ಚಿಕ್ಕದು, ಹಂಗಾಗಿ ಪ್ರೋಟೀನ್ ಒಂದನ್ನೇ ನಂಬ್ಕೊಂಡು ಕೂರದೆ ಜೀವಕೋಶಗಳ ಮಧ್ಯದ ಸಂದಿಯಿಂದ್ಲೂ ಸಿಕ್ಕಾಪಟ್ಟೆ ಗ್ಲೂಕೋಸ್ ರಕ್ತಕ್ಕೆ ನುಗ್ಗುತ್ತೆ. ಎಷ್ಟ್ ಚೆನ್ನಾಗಿದೆ ಅಲ್ವಾ!

ನಂಗೆ ಇನ್ನೂ ಇಷ್ಟ ಆಗೋದು ಕುರಿಮರಿ. ಹಾಲು ಕುಡಿಯೋವಾಗ ಈ ಪ್ರೋಟೀನ್ ತುಂಬಾ ಇರುತ್ತೆ, ಹುಲ್ಲು ಮೇಯೋಕೆ ಶುರುವಾದ್ಮೇಲೆ ಹೊಟ್ಟೆಯ ಮೊದಲ ಭಾಗದಲ್ಲಿರೋ ಸೂಕ್ಷ್ಮಜೀವಿಗಳೇ ಸಕ್ಕರೆ ತಿಂದು ಮುಗಿಸ್ತವೆ, ಕರುಳಿಗೆ ಬರೋದೇ ಕಮ್ಮಿ, ಪ್ರೋಟೀನೂ ಕುಸಿದುಹೋಗುತ್ತೆ. ಆದ್ರೆ ದೊಡ್ಡ ಕುರಿಯ ಕರುಳಿಗೆ ನೇರವಾಗಿ ಗ್ಲೂಕೋಸ್ ಬಿಟ್ರೆ ಕೆಲವೇ ದಿನದಲ್ಲಿ ಆ ಪ್ರೋಟೀನ್ ಮತ್ತೆ ಹುಟ್ಕೊಳ್ಳುತ್ತೆ.