ಕೋಳಿ ಜೊತೆ ಬಾತು ಸಾಕ್ತೀರಾ? ಮೊದ್ಲು ನೀರಿನ ವಿಷ್ಯ ನೋಡ್ಕೊಳ್ಳಿ

ಹಿತ್ತಲಲ್ಲಿ ಕೋಳಿ ಇದಾವೆ, ಜೊತೆಗೆ ನಾಲ್ಕು ಬಾತುಕೋಳಿ ಬಿಟ್ರೆ ಆಗಲ್ವಾ ಅಂತ ಕೇಳೋರಿಗೆ ನನ್ನ ಉತ್ತರ: ಧಾರಾಳವಾಗಿ ಬಿಡಿ, ಆದ್ರೆ ಹಗಲು ಮಾತ್ರ. ರಾತ್ರಿ ಗೂಡು ಬೇರೆ ಇರ್ಲಿ.

ಜಗಳ ಆಗತ್ತೆ ಅಂತ ಎಲ್ರೂ ಹೆದರ್ತಾರೆ, ನಿಜವಾಗ್ಲೂ ಕಾಟ ಕೊಡೋದು ನೀರು. ಬಾತು ಮೇಯೋದನ್ನ ಒಂದ್ಸಲ ನಿಂತು ನೋಡಿ, ಬಾಯ್ತುಂಬ ಫೀಡ್ ತುಂಬ್ಕೊಂಡು ಸೀದಾ ನೀರಿಗೆ ಓಡತ್ತೆ, ಕೊಕ್ಕು ಅದ್ದಿ ಗುಳುಗುಳು ಮಾಡಿ ತಲೆ ಕೊಡವಿ ಮತ್ತೆ ಫೀಡಿಗೆ ಬರತ್ತೆ, ಹೀಗೇ ನಾಲ್ಕು ಸುತ್ತು ಹೊಡೆಯೋಷ್ಟ್ರಲ್ಲಿ ಟಬ್ಬಲ್ಲಿ ಕೆಸರು, ಸುತ್ತಮುತ್ತ ರಾಡಿ. ಅದರ ತಪ್ಪೇನಿಲ್ಲ ಬಿಡಿ, ನೀರಿಲ್ದೆ ಒಣ ಫೀಡ್ ಗಂಟಲಲ್ಲಿ ಸಿಕ್ಕೊಳ್ಳತ್ತೆ, ಮೂಗಿನ ಹೊಳ್ಳೆ ತೊಳ್ಕೊಳ್ಳೋಕೂ ತಲೆ ಮುಳುಗೋಷ್ಟು ನೀರು ಬೇಕೇ ಬೇಕು. ಆದ್ರೆ ಕೋಳಿಗೆ ಕಾಲ ಕೆಳಗೆ ಒಣಗಿರ್ಬೇಕು. ಗೂಡಿನ ನೆಲಕ್ಕೆ ಹಾಸಿರೋ ಹೊಟ್ಟು ಒದ್ದೆ ಆದ್ರೆ ಅಮೋನಿಯಾ ವಾಸನೆ ಕಣ್ಣಿಗೆ ಹೊಡಿಯತ್ತೆ, ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಬರೋಕೂ ದಾರಿ ಆಗತ್ತೆ. ಹಾಗಾಗಿ ಬಾತಿನ ಟಬ್ ಗೂಡಿಂದ ದೂರ, ಜಲ್ಲಿ ಹಾಕಿರೋ ಜಾಗದಲ್ಲಿಡಿ. ಕೋಳಿಮರಿ ಓಡಾಡ್ತಿದ್ರೆ ಟಬ್ ಹತ್ರ ಬಿಡ್ಲೇಬೇಡಿ, ಬಿದ್ರೆ ಮುಳುಗಿ ಸಾಯ್ತವೆ.

ರಾತ್ರಿ ಕತೆ ಇನ್ನೊಂದು. ಕೋಳಿ ಅಡ್ಡಗೋಲು ಹತ್ತಿ ಕೂರತ್ತೆ, ಬಾತು ನೆಲದಲ್ಲೇ ಮಲಗತ್ತೆ, ಬೆಳಗ್ಗೆ ನೋಡಿದ್ರೆ ಮೇಲಿಂದ ಬಿದ್ದ ಹಿಕ್ಕೆಯೆಲ್ಲ ಬಾತಿನ ಬೆನ್ಮೇಲೆ! ಮೇಲಾಗಿ ಬಾತುಗಳು ಕತ್ತಲಲ್ಲೂ ಸುಮ್ನಿರಲ್ಲ, ಏನೋ ಗೊಣಗ್ತಾ ಓಡಾಡ್ತಾ ಇರ್ತವೆ.

ಫೀಡ್ ಒಂದೇ ಹಾಕ್ಬೋದು, ಆದ್ರೆ ಬಾತುಮರಿಗೆ ಕೋಳಿಮರಿಗಿಂತ ನಯಾಸಿನ್ ಅನ್ನೋ ಬಿ ವಿಟಮಿನ್ ಜಾಸ್ತಿ ಬೇಕು, ಕಡಿಮೆ ಆದ್ರೆ ಕಾಲು ಸೊಟ್ಟಗಾಗಿ ಕುಂಟೋಕೆ ಶುರು. ನಯಾಸಿನ್ ಇರೋ ಬ್ರೂವರ್ಸ್ ಯೀಸ್ಟ್ (ಬಿಯರ್ ಮಾಡೋ ಯೀಸ್ಟಿನ ಒಣ ಪುಡಿ) ಸ್ವಲ್ಪ ಬೆರೆಸಿದ್ರೆ ಆಯ್ತು. ಮೊಟ್ಟೆ ಕೋಳಿಗಳ ಲೇಯರ್ ಫೀಡ್ ಮಾತ್ರ ಮರಿಗಳಿಗೆ ಬೇಡ, ಅದ್ರಲ್ಲಿ ಕ್ಯಾಲ್ಸಿಯಂ ವಿಪರೀತ.

ಇನ್ನು ಗಂಡು ಬಾತು. ಹೆಣ್ಣು ಬಾತುಗಳು ಸಾಕಷ್ಟಿಲ್ದಿದ್ರೆ ಅದು ಹೇಂಟೆಗಳ ಮೇಲೆ ಬೀಳತ್ತೆ, ಇದು ನಗೋ ವಿಷ್ಯ ಅಲ್ಲ, ಹುಂಜಕ್ಕಿಲ್ಲದ ಶಿಶ್ನ ಗಂಡು ಬಾತಿಗಿದೆ, ಹೇಂಟೆಗೆ ಒಳಗೇ ಗಾಯ ಆಗಿ ಸಾಯ್ಬೋದು. ಒಂದು ಗಂಡಿಗೆ ನಾಲ್ಕೈದು ಹೆಣ್ಣಾದ್ರೂ ಇರ್ಲಿ, ಇಲ್ಲಾಂದ್ರೆ ಗಂಡೇ ಬೇಡ, ಮೊಟ್ಟೆಗೆ ಗಂಡಿನ ಅಗತ್ಯ ಹೇಗೂ ಇಲ್ಲ.

ಅಂದಹಾಗೆ ಬಾತು ಮೊಟ್ಟೆ ಇಡೋದು ಹೆಚ್ಚಾಗಿ ಬೆಳಕು ಹರಿಯೋ ಹೊತ್ತಿಗೆ, ಅದೂ ಎಲ್ಲಂದ್ರಲ್ಲಿ. ಸ್ವಲ್ಪ ಬಿಸಿಲೇರಿದ್ಮೇಲೆ ಗೂಡಿನ ಬಾಗ್ಲು ತೆಗೀರಿ, ಪೊದೆ ಪೊದೆ ಹುಡುಕೋ ಕೆಲಸ ತಪ್ಪತ್ತೆ.