ಲೈಪೇಸ್ ರಿಪೋರ್ಟಿಗಿಂತ ಮೊದಲು ಗಡಿಯಾರ ನೋಡಿ

ಮೇಲ್ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಗ್ಗಿ ಕೂತವರಿಗೆ ನಮ್ಮ ಕೋಲಾರದ ಕಡೆ ಮೊದಲು ಸಿಗುವುದು ಸೋಡಾ, ಆಮೇಲೆ ಮೆಡಿಕಲ್ ಶಾಪಿನ ಗ್ಯಾಸ್ಟ್ರಿಕ್ ಮಾತ್ರೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಜೋರಿದ್ದರಂತೂ ಆಸ್ಪತ್ರೆಗೆ ಬರುವಷ್ಟರಲ್ಲಿ ನಾಲ್ಕು ದಿನ ಕಳೆದಿರುತ್ತದೆ. ಆಗ ಬರೀ ಅಮೈಲೇಸ್ ಪರೀಕ್ಷೆ ಬರೆದುಕೊಟ್ಟರೆ ರಿಪೋರ್ಟ್ ನಾರ್ಮಲ್ ಬರಬಹುದು. ಆದರೆ ಮೇದೋಜೀರಕ ಗ್ರಂಥಿ ಒಳಗೆ ಬಾತುಕೊಂಡೇ ಇರುತ್ತದೆ, ಈ ಕಾಯಿಲೆಯೇ ಪ್ಯಾಂಕ್ರಿಯಾಟೈಟಿಸ್. ಅಮೈಲೇಸ್, ಲೈಪೇಸ್ ಎರಡೂ ಆ ಗ್ರಂಥಿಯ ಕಿಣ್ವಗಳು, ಅದು ಬಾತಾಗ ರಕ್ತದಲ್ಲಿ ಏರುತ್ತವೆ.

ಅಮೈಲೇಸ್ ನೋವು ಶುರುವಾದ 6ರಿಂದ 12 ಗಂಟೆಯಲ್ಲಿ ಏರಿ, 3ರಿಂದ 5 ದಿನಕ್ಕೆ ಇಳಿದುಬಿಡುತ್ತದೆ. ಲೈಪೇಸ್ 4ರಿಂದ 8 ಗಂಟೆಯಲ್ಲೇ ಏರುತ್ತದೆ, ಒಂದು ವಾರ ದಾಟಿದರೂ ಸಿಗುತ್ತದೆ. ಎರಡರಲ್ಲಿ ಒಂದನ್ನೇ ಮಾಡಿಸುವುದಾದರೆ ಲೈಪೇಸ್ ಮಾಡಿಸಿ. ಲ್ಯಾಬ್ ಚೀಟಿಯ ಮೇಲೆ ನೋವು ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಬರೆಯಿರಿ. ಆ ಸಾಲು ಇಲ್ಲದ ರಿಪೋರ್ಟ್ ಅರ್ಧ ರಿಪೋರ್ಟ್.

ಲೆಕ್ಕಕ್ಕೆ ಬರುವುದು ಲ್ಯಾಬಿನ ನಾರ್ಮಲ್ ಮೇಲ್ಮಿತಿಯ ಮೂರು ಪಟ್ಟು. ಮೇಲ್ಮಿತಿ 60 ಇರುವ ಲ್ಯಾಬಿನಲ್ಲಿ 180. ಮೇಲ್ಮಿತಿ ಲ್ಯಾಬಿನಿಂದ ಲ್ಯಾಬಿಗೆ ಬೇರೆ, ಹಾಗಾಗಿ ಎರಡು ಕಡೆಯ ನಂಬರುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಈ ಕಾಯಿಲೆ ಗುರುತಿಸುವ 2012ರ ಪರಿಷ್ಕೃತ ಅಟ್ಲಾಂಟಾ ಮಾನದಂಡದ ಪ್ರಕಾರ ತಕ್ಕ ನೋವು, ಈ ಮೂರು ಪಟ್ಟು, ಸ್ಕ್ಯಾನಿನ ಚಿತ್ರ, ಈ ಮೂರರಲ್ಲಿ ಎರಡು ಸಿಕ್ಕರೆ ಸಾಕು. ನೋವೂ ಲೈಪೇಸೂ ಹೊಂದಿದರೆ ಮೊದಲ ದಿನವೇ ಸಿಟಿ ಸ್ಕ್ಯಾನಿಗೆ ಓಡಬೇಕಿಲ್ಲ. ಇಸಿಜಿ ಮಾತ್ರ ಬಿಡಬೇಡಿ, ಹೃದಯಾಘಾತದಲ್ಲೂ ಇದೇ ಜಾಗ ನೋಯಬಹುದು.

ಸ್ಯಾಂಪಲ್ ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿಗೆ ಹೋಗಬೇಕು. ಸಿಬಿಸಿಯ (ರಕ್ತಕಣ ಎಣಿಕೆಯ) ನೇರಳೆ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಇಲ್ಲದೆ ಅಮೈಲೇಸ್ ಕೆಲಸ ಮಾಡದು, ನಂಬರ್ ಸುಳ್ಳೇ ಇಳಿಯುತ್ತದೆ. ರಕ್ತ ತಿರುಗಿಸುವ ಸೆಂಟ್ರಿಫ್ಯೂಜ್ ನಿಂತ ಮೇಲೆ ಮೇಲೆ ನಿಲ್ಲುವ ದ್ರವ, ಅಂದರೆ ಸೀರಂ, ತಿಳಿ ಹಳದಿ ಇರದೆ ಕಾಯಿಹಾಲಿನ ಹಾಗೆ ಬೆಳ್ಳಗಿದ್ದರೆ ಅಲ್ಲೇ ನಿಲ್ಲಿ. ಅದು ಟ್ರೈಗ್ಲಿಸರೈಡ್, ರಕ್ತದ ಕೊಬ್ಬು. 1000 ಮಿ.ಗ್ರಾಂ/ಡೆಸಿಲೀಟರ್ ದಾಟಿದರೆ ಅದೇ ಈ ಕಾಯಿಲೆಗೆ ಕಾರಣವಾಗಬಹುದು, ಅಮೈಲೇಸ್ ಅನ್ನು ನಾರ್ಮಲ್ ಅಂತಲೂ ತೋರಿಸಬಹುದು. ಸೀರಂ ತೆಳುಮಾಡಿ ಮತ್ತೆ ಹಾಕಿ.

ತಪ್ಪು ಏರಿಕೆಯೂ ಉಂಟು. ಕಿಡ್ನಿ ಕೆಟ್ಟವರಲ್ಲಿ ಎರಡೂ ಸ್ವಲ್ಪ ಮೇಲೆಯೇ ಇರುತ್ತವೆ. ಕರುಳು ತೂತಾದರೆ, ಮಂಗನಬಾವು ಬಂದರೆ ಅಮೈಲೇಸ್ ಏರುತ್ತದೆ. ಟೊಮೆಟೊ ತೋಟಕ್ಕೆ ಔಷಧಿ ಹೊಡೆದು ಬಂದವರಾದರೆ ಅದನ್ನೂ ಕೇಳಿ. ಕೀಟನಾಶಕಗಳಲ್ಲಿರುವ ಆರ್ಗನೋಫಾಸ್ಫೇಟ್ ವಿಷವೂ ಅಮೈಲೇಸ್ ಏರಿಸುತ್ತದೆ.

ರೋಗ ಗೊತ್ತಾದ ಮೇಲೆ ದಿನಾ ಲೈಪೇಸ್ ಮಾಡಿಸುವುದು ದುಡ್ಡು ದಂಡ. 3000 ಇದ್ದವರು ನಾಲ್ಕೇ ದಿನದಲ್ಲಿ ಊರಿಗೆ ಹೋಗಬಹುದು, 400 ಇದ್ದವರು ಐಸಿಯು ಸೇರಬಹುದು. ತೀವ್ರತೆಗೆ ಯೂರಿಯಾ, ಕ್ರಿಯಾಟಿನಿನ್, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ನೋಡಿ. 48 ಗಂಟೆಗೆ ಉರಿಯೂತ ತೋರಿಸುವ ಸಿಆರ್‌ಪಿ 150 ಮಿ.ಗ್ರಾಂ/ಲೀಟರ್ ದಾಟಿದರೆ ಎಚ್ಚರ. ಮೊದಲೆರಡು ದಿನದಲ್ಲಿ ಯಕೃತ್ತಿನ ಕಿಣ್ವ ಎಎಲ್‌ಟಿ 150 ಮೀರಿದ್ದರೆ ಪಿತ್ತಕೋಶದ ಕಲ್ಲಿನ ಮೇಲೆ ಅನುಮಾನ, ಇಲ್ಲದಿದ್ದರೂ ಅಲ್ಟ್ರಾಸೌಂಡ್ ಬೇಕೇ ಬೇಕು. ಟ್ರೈಗ್ಲಿಸರೈಡ್ ಮೊದಲ ದಿನದ ರಕ್ತದಲ್ಲೇ ಮಾಡಿಸಿ. ಎರಡು ದಿನ ಉಪವಾಸ, ಡ್ರಿಪ್ ಆದ ಮೇಲೆ ಕಳಿಸಿದರೆ ಅದು ಇಳಿದುಹೋಗಿ, ಕಾರಣ ಕೈಗೆ ಸಿಗದು.