ಮಳೆ ತಾಗಬಾರದ ಕಲ್ಲು

ಜೂನ್ 18, 2025, ಬುಧವಾರ
ಮಂಗಳೂರು

ಬೆಳಗ್ಗಿನಿಂದ ಒಂದೇ ಸಮನೆ ಮಳೆ. ಎಂಎಸ್ಸಿ ಮಕ್ಕಳಿಗೆ ಇವತ್ತು ಬೆರಿಲಿಯಂ-10ರ ಪಾಠ; ಅದು ಬೆರಿಲಿಯಂ ಲೋಹದ ವಿಕಿರಣಶೀಲ ರೂಪ, ಕಾಲ ಕಳೆದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಗೆಳತಿಯೊಬ್ಬಳು ನಿಕರಾಗುವಾದ ಸೆರೊ ನೆಗ್ರೊ ಜ್ವಾಲಾಮುಖಿಯಿಂದ ತಂದುಕೊಟ್ಟ ಕಲ್ಲನ್ನು ಕ್ಲಾಸಿಗೆ ಒಯ್ದಿದ್ದೆ. ಇದ್ದಿಲಿನಷ್ಟು ಕಪ್ಪು, ಮೈತುಂಬ ತೂತು, ಅಂಗೈ ತರಚುವಷ್ಟು ಒರಟು.

ಕಿಟಕಿಯತ್ತ ಕೈ ತೋರಿಸಿ, "ಆ ಮಳೆಯಲ್ಲಿ ಬೀಳುತ್ತಿರುವುದೇ ಈ ಕಲ್ಲಿನೊಳಗೂ ಇದೆ" ಎಂದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಯ ಆಮ್ಲಜನಕ, ಸಾರಜನಕವನ್ನು ಒಡೆದಾಗ ಬೆರಿಲಿಯಂ-10 ಹುಟ್ಟುತ್ತದೆ. ಮಳೆಯೊಂದಿಗೆ ಇಳಿದು ಕಡಲಡಿಯ ಕೆಸರು ಸೇರುತ್ತದೆ. (ಕೆಸರಿನಲ್ಲಿ ಅದನ್ನು ಮೊದಮೊದಲು ಅಳೆದವರಲ್ಲಿ ಮುಂಬೈಯ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿ ದೇವೇಂದ್ರ ಲಾಲ್ ಒಬ್ಬರು, 1950ರ ದಶಕದಲ್ಲಿ. ಇದನ್ನು ಹೇಳದೆ ನಾನು ಈ ಪಾಠ ಮುಗಿಸುವುದೇ ಇಲ್ಲ.)

ಮಧ್ಯ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೋಕೋಸ್ ಫಲಕ (ಭೂಮಿಯ ಹೊರಚಿಪ್ಪಿನ ಚಲಿಸುವ ತುಂಡುಗಳಲ್ಲೊಂದು) ಸುಮಾರು 400 ಮೀಟರ್ ದಪ್ಪದ ಕೆಸರು ಹೊತ್ತುಕೊಂಡು, ವರ್ಷಕ್ಕೆ ಹತ್ತಿರ ಹತ್ತಿರ 8 ಸೆಂಟಿಮೀಟರ್‌ನಂತೆ ಕೆರಿಬಿಯನ್ ಫಲಕದ ಅಡಿಗೆ ಇಳಿಯುತ್ತಿದೆ. ಬೆರಿಲಿಯಂ-10ರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 14 ಲಕ್ಷ ವರ್ಷ. ಒಂದು ಕೋಟಿ ವರ್ಷ ಕಳೆದರೆ ನೂರಕ್ಕೆ ಒಂದು ಪಾಲೂ ಉಳಿಯದು. ಆದರೂ ನಿಕರಾಗುವಾದ ಲಾವಾದಲ್ಲಿ ಗ್ರಾಮಿಗೆ ಕೋಟಿಗಟ್ಟಲೆ ಪರಮಾಣು ಸಿಗುತ್ತವೆ. ಅಂದರೆ ಕಡಲಡಿಯ ಕೆಸರು ಪಾತಾಳಕ್ಕಿಳಿದು, ಕೆಲವೇ ದಶಲಕ್ಷ ವರ್ಷಗಳಲ್ಲಿ ಲಾವಾದ ಜೊತೆ ಮೇಲೆ ಬಂದಿದೆ! ಎಷ್ಟು ವರ್ಷ ಪಾಠ ಮಾಡಿದರೂ ಇಲ್ಲಿಗೆ ಬಂದಾಗ ನನ್ನ ದನಿ ಏರುತ್ತದೆ.

ಅಲ್ಲಿಂದ ಆಗ್ನೇಯಕ್ಕೆ ಕೆಲವು ನೂರು ಕಿಲೋಮೀಟರ್ ಹೋದರೆ ಕೋಸ್ಟರಿಕಾದ ಇರಾಜು ಜ್ವಾಲಾಮುಖಿ. ಅದೇ ಫಲಕ, ಹೆಚ್ಚುಕಡಿಮೆ ಅದೇ ಕೆಸರು; ಬೆರಿಲಿಯಂ-10 ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ನೆನಪಿಡಬೇಕಾದದ್ದು, ಅದು ಇರುವುದು ಕೆಸರಿನ ಎಳೆಯ, ಮೇಲಿನ ಪದರಗಳಲ್ಲಿ ಮಾತ್ರ. ಆ ಪದರ ಕೆರೆದುಹೋಗಿ ಮೇಲಿನ ಫಲಕಕ್ಕೆ ಅಂಟಿಕೊಂಡರೆ, ಉಳಿದ ಕೆಸರು ಕೆಳಗಿಳಿದರೂ ಸುಳಿವು ಸಿಗದು. ಮೇಲಿನ ಫಲಕದ ತಳವೇ ಸವೆದು, ಆ ಹಳೆಯ ಕಲ್ಲು ಕೆಸರಿಗೆ ಬೆರೆತು ಬೆರಿಲಿಯಂ-10ರ ಪಾಲನ್ನು ತಗ್ಗಿಸಿರಲೂಬಹುದು. ಕೋಸ್ಟರಿಕಾದೆದುರು ಕಡಲಡಿಯಲ್ಲಿ ಬೆಟ್ಟಗಳ ಸಾಲೇ ಇದ್ದು, ಅವೂ ಫಲಕದೊಂದಿಗೆ ಒಳಗಿಳಿಯುತ್ತ ಮೇಲಿನ ಫಲಕದ ತಳವನ್ನು ಉಜ್ಜುತ್ತವೆ. ಹಾಗಾಗಿ ನನ್ನ ಒಲವು ಸವೆತದ ಕಡೆಗೆ.

"ಮೇಡಂ, ಕಲ್ಲಿನ ಮೇಲೆ ಬಿದ್ದ ಮಳೆಯಿಂದಲೇ ಬಂದಿರಬಾರದೇಕೆ?" ಒಬ್ಬಳು ಕೇಳಿದಳು.

ಎಷ್ಟು ಖುಷಿಯಾಯಿತು! ಸಂಶೋಧಕರನ್ನೂ ಕಾಡಿದ ಪ್ರಶ್ನೆ ಇದೇ. ಅದಕ್ಕೇ ಅವರು ಹೆಚ್ಚು ಮಳೆ ಕಾಣದ ಹೊಸ ಲಾವಾವನ್ನೇ ಹುಡುಕಿದರು. ಕಲ್ಲೊಳಗಿನ ಹರಳುಗಳನ್ನೂ ಅವುಗಳ ಸುತ್ತಲಿನ ಭಾಗವನ್ನೂ ಬೇರ್ಪಡಿಸಿ ಅಳೆದರು. ಬೆರಿಲಿಯಂ-10 ಮತ್ತು ಸಾಮಾನ್ಯ, ಸ್ಥಿರ ಬೆರಿಲಿಯಂ-9ರ ಅನುಪಾತ ಎರಡರಲ್ಲೂ ಒಂದೇ ಬಂತು. ಮಳೆಯಿಂದ ಸೇರಿದ್ದರೆ ಹರಳುಗಳ ಒಳಗೂ ಹೊರಗೂ ಹಾಗೆ ಸಮನಾಗಿರುತ್ತಿರಲಿಲ್ಲ.

ಸಂಜೆ ಹೊರಡುವಾಗಲೂ ಮಳೆ ನಿಂತಿರಲಿಲ್ಲ. ಕಲ್ಲನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬ್ಯಾಗಿನ ತಳಕ್ಕಿಟ್ಟು, ಕೊಡೆ ಬಿಚ್ಚಿದೆ.